ಕೀಲಿ ಇಲ್ಲದ ಖೋಲಿ

…ಹೋಗಬ್ಯಾಡ್ರಿ ಅಂತ ನಾನೆಲ್ಲಿ ಅಂದೆ? ನಾಳೆ ಮೆರವಣಿಗಿಗೆ ಹೋಗ್ರಿ, ಬೋರ್ಡ್ ಹಿಡೀರಿ, ಫೋಟೋನೂ ತೆಗಿಸಿಕೊಳ್ರಿ, ಚಂದ ಕಾಣ್ತೀರಿ. ಇದೊಂದು ಕೇಳಿ ಹೋಗ್ರಿ, ಅಷ್ಟ. ಎಮರ್ಜೆನ್ಸಿ ಮುಗಿದಿತ್ತು ಆಗ. ನಾನು ಮುಂಬೈ, ಪುಣೆ, ಹೈದರಾಬಾದು ಸುತ್ತಿ, ಎಲ್ಲೂ ಕುಂಡಿ ಊರದೆ ಬಳ್ಳಾರಿಗೇ ಹೊಳ್ಳಿ ಬಂದಿದ್ದೆ. ಸತ್ಯನಾರಾಯಣಪೇಟೆ ಹಿಂದಿನ ಓಣ್ಯಾಗ ನಮ್ಮ ಗುರು ಹುಲಿಗೆವ್ವನ ಖೋಲಿ. ಆಕಿ, ನಾನು, ಶಾಂತಿ, ಮೂರು ಮಂದಿ ಜೋಗಪ್ಪಗಳು, ಗಂಡಾಗಿ ಹುಟ್ಟಿ ದೇವಿ ಹೆಸರಿನ್ಯಾಗ ಸೀರಿ ಉಟ್ಟೋರು. ಆ ಖೋಲಿಗೆ ಚಿಲಕ ಇತ್ತು, ಕೀಲಿ ಇರಲಿಲ್ಲ. ಕುರುಗೋಡಾಗ, ಸಿರುಗುಪ್ಪದಾಗ ನಮ್ಮಂಥ ಕೂಸನ್ನ ಮನ್ಯಾಗ ಹೊಡೆದು ಹೊರಗ ಹಾಕಿದ್ರ ಅದು ಅಲ್ಲಿಗೇ ಬರಬೇಕು, ಗಂಜಿ ಕುಡಿದು ಮಲಗಬೇಕು. ನಾನೂ ಹಂಗ ಬಂದಾಕಿ.

ಕುರುಗೋಡಾಗ ನಮ್ಮೋರ ಪೈಕಿ ಒಬ್ಬಾಕೀನ್ನ ಊರ ಮಂದಿ ಹಿಡಿದು ತಲಿ ಬೋಳಿಸಿದ್ರು. ಎಲ್ಲಾರೂ ಕೂಡಿ ಡಿ.ಸಿ. ಕಚೇರಿಗೆ ಅರ್ಜಿ ಕೊಡಾಕ ಹೋಗೋಣು ಅಂದ್ಲು ಶಾಂತಿ, ಅದೂ ತಲಿ ಮ್ಯಾಲ ಜಗ ಇಲ್ಲದ. ಜಗ ಅಂದ್ರ ದೇವಿ ಮೂರ್ತಿ ಇಟ್ಟ ಬುಟ್ಟಿ. ಅದು ತಲಿ ಮ್ಯಾಲಿದ್ರ ಬ್ರೂಸ್‌ಪೇಟೆ ಸಾಹುಕಾರನೂ ಗಲ್ಲಾ ಬಿಟ್ಟು ಎದ್ದು ಬಂದು ಕಾಲು ಮುಟ್ತಿದ್ದ. ಹುಲಿಗೆವ್ವ ಎಲಿ ಅಡಿಕಿ ಮೆಲ್ಲಕೋಂತ ಅಂದ್ಲು, "ಲೇ ಶಾಂತಿ, ಅವರು ಕೈ ಮುಗಿಯೋದು ಬುಟ್ಟಿಗೆ. ಅದನ್ನ ಇಳಿಸಿದ್ರ ಅವರ ಕಣ್ಣಿಗೆ ನಾವು ಕಾಣ್ತೀವಿ."

"ಕಾಣ್ಲಿ ಅಂತನ ಹೋಗೋದು, ಯವ್ವಾ."

ಹೋದ್ವಿ. ಹಾಡುಹಗಲು, ಬ್ರೂಸ್‌ಪೇಟೆ ನಡುವ. ಯಾರೂ ಕಲ್ಲು ಒಗೀಲಿಲ್ಲ, ಸಿಳ್ಳಿ ಹಾಕಲಿಲ್ಲ. ಅದಕ್ಕ ನಾ ಅಂಜಿದ್ದು. ಬೈಯೋ ಮಂದಿಗೆ ನಾ ಅಂಜಂಗಿಲ್ಲ, ಮುಂಬೈದಾಗ ತಿರುಗಿ ಎರಡು ಬೈದು ಚಾ ಕುಡಿಯಾಕ ಹೋಗ್ತಿದ್ದೆ. ಇಲ್ಲಿ ದಿನಾ ಜ್ವಾಳ ನೀಡೋ ಕೈಗಳು ಸುಮ್ಮನ ಕಟ್ಟಿಕೊಂಡು ನಿಂತಿದ್ವು. ತಕ್ಕಡಿ ನಿಂತಿದ್ವು. ಒಬ್ಬೊಬ್ಬರ ಮಾರೀನೂ ಗುರುತು ಇಟ್ಟುಕೊಂಡಂಗ ನೋಡಿದ್ರು. ಕಚೇರ್ಯಾಗ ಅರ್ಜಿ ತಗೊಂಡ್ರು, ತಲಿ ಬೋಳಿಸಿದೋರನ್ನ ಕರೆಸಿ ಗದರಿಸಿದ್ರು ಸೈತ, ಸುಳ್ಳ್ಯಾಕ ಹೇಳ್ಲಿ. ಕುರುಗೋಡಾಗ ಆಮ್ಯಾಲ ಯಾರೂ ನಮ್ಮೋರನ್ನ ಮುಟ್ಟಲಿಲ್ಲ. ಆದ್ರ ಅದೇ ವಾರ ಖೋಲಿ ಮಾಲಕ ಬಂದ. ಒಳ್ಳೆ ಮನುಷ್ಯಾನ, ಮಗಳ ಮದುವ್ಯಾಗ ಹುಲಿಗೆವ್ವನ ಕಡಿಂದ ಅಕ್ಷತಿ ಹಾಕಿಸಿದ್ದ. ನೆಲ ನೋಡಿಕೋಂತ, "ಇಷ್ಟು ದಿನ ದೇವರ ಮಂದಿ ಅಂತಿದ್ದೆ ರೀ. ಈಗ ಓಣ್ಯಾನೋರು ಇವರು ಯಾರು ಅಂತ ಕೇಳಾಕ ಹತ್ಯಾರ" ಅಂದ. ನಮ್ಮ ಗಂಟು ಹೊರಗ ಬಂತು, ಬಾಗಿಲಿಗೆ ಹೊಸ ಕೀಲಿ ಬಿತ್ತು. ಮೂವರೂ ಒಂದೊಂದು ದಿಕ್ಕಾದ್ವಿ.

ಮಳಿಗಾಲ ಕಳದ ಮ್ಯಾಲ ಸಿರುಗುಪ್ಪ ಸಂತ್ಯಾಗ ಒಬ್ಬ ಹೆಣ್ಮಗಳು ನನ್ನ ಸೆರಗು ಹಿಡಿದ್ಲು. ಕೆಂಚನಗುಡ್ಡದಾಕಿ. ಅರಿವಿ ತಗೊಳ್ಳಾಕ ಬ್ರೂಸ್‌ಪೇಟೆಗೆ ಬಂದಾಗ ನಮ್ಮನ್ನ ನೋಡಿದ್ಲಂತ. ತನ್ನ ಮಗನಂಥೋರು ಇನ್ನೂ ಅದಾರ, ಹಗಲೊತ್ತಿನ್ಯಾಗ ತಲಿ ಎತ್ತಿ ನಡೀತಾರ ಅಂತ ಅವತ್ತ ಗೊತ್ತಾತಂತ. ಹುಡುಗನ ಅಪ್ಪ ಕೊಡ್ಲಿ ತಗೊಂಡಾಗ, ಸಿಕ್ಕಸಿಕ್ಕೋರನ್ನ ಕೇಳಿಕೋಂತ ಮಗನ್ನ ಸತ್ಯನಾರಾಯಣಪೇಟೆಗೆ ಕರಕೊಂಡು ಬಂದಾಳ.

"ಕೀಲಿ ಹಾಕಿತ್ತು, ಯವ್ವಾ," ಅಂದ್ಲು. "ಸಂಜಿತನಕ ಕಟ್ಟಿ ಮ್ಯಾಲ ಕುಂತ್ವಿ. ಆಮ್ಯಾಲ ಊರಿಗೇ ಹೋದ್ವಿ."

ಮಗ ಎಲ್ಲದಾನ ಅಂತ ನಾ ಕೇಳಲಿಲ್ಲ. ಆಕಿ ತಮ್ಮೂರ ಹೊಳಿ ದಿಕ್ಕಿಗೆ ನೋಡಿಕೋಂತ ನಿಂತಿದ್ಲು.

ನಾವು ನಡೀಲಿಲ್ಲ ಅಂದಿದ್ರ ಆಕಿ ಬರ್ತಿದ್ದಿಲ್ಲ. ನಡದ್ವಿ, ಕೀಲಿ ಬಿತ್ತು. ಯಾವುದನ್ನ ತಪ್ಪು ಅನ್ಲಿ? ನಾವು ಕುಂತಿರೋ ಈ ಮನಿ ನನ್ನ ಹೆಸರಿಗೆ ಆಗಿ, ಯಾವ ಮಾಲಕನೂ ಕೀಲಿ ಹಾಕಂಗಿಲ್ಲ ಅಂತ ಆದ ಮ್ಯಾಲನ ನಿಮಗ ಹೋಗ್ರಿ ಅನ್ನಾಕ ನನಗ ಬಾಯಿ ಬಂದಿದ್ದು. ನಾಳೆ ಎಲ್ಲಾರೂ ಹೋಗ್ರಿ. ನಾ ಬರಂಗಿಲ್ಲ. ಯಾರರ ಬಂದು ಬಡದ್ರ ಬಾಗಿಲ ತೆಗಿಯಾಕ ಒಬ್ರು ಇರಬೇಕು.