ಎಡಗಡೆಯ ಕ್ಲಚ್

ಇದು ನಡೆದು ಇನ್ನೂ ವರ್ಷ ತುಂಬಿಲ್ಲ.

ಬೋಗಾದಿಯ ಹಳೇ ಊರಿಗೂ ಹೊಸ ಬಡಾವಣೆಗೂ ನಡುವೆ ಒಂದು ಬಾವಿ ಇದೆ. ಈಗ ಅದಕ್ಕೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಜಾಲರಿಯ ಮೇಲೆ ಯಾರೋ ಒಡೆದ ಬಕೆಟ್ಟು ಎಸೆದಿದ್ದಾರೆ. ರಾತ್ರಿ ಹತ್ತಾದ ಮೇಲೆ ಆ ಕಡೆ ಯಾರೂ ಸುಳಿಯುವುದಿಲ್ಲ. ಸರ್ವಮಂಗಳಾ ಮಾತ್ರ ದಿನಾ ಆ ದಾರಿಯಲ್ಲೇ ನಡೆಯುತ್ತಿದ್ದಳು. ಹೆದರಿಕೆ ಇರಲಿಲ್ಲ ಅಂತಲ್ಲ... ಹೆದರುವಷ್ಟು ತ್ರಾಣ ಆ ಹೊತ್ತಿಗೆ ಮೈಯಲ್ಲಿ ಉಳಿದಿರುತ್ತಿರಲಿಲ್ಲ.

ಬೆಳಗಿನ ನಾಲ್ಕೂವರೆಗೆ ಎದ್ದರೆ ಹುಡುಗಿಯರ ಪಿಜಿಯಲ್ಲಿ ಅರವತ್ತು ಜನಕ್ಕೆ ತಿಂಡಿ, ಆಮೇಲೆ ಮಧ್ಯಾಹ್ನದ ಡಬ್ಬಿ, ರಾತ್ರಿ ಚಪಾತಿ. ಮಗಳು ಲಾಸ್ಯಳನ್ನು ಎಚ್ಚರವಿದ್ದಾಗ ನೋಡುತ್ತಿದ್ದದ್ದು ಭಾನುವಾರ ಒಂದೇ ದಿನ. ಹತ್ತಕ್ಕೆ ಪಾತ್ರೆ ಬೋರಲು ಹಾಕಿ ಹೊರಬಿದ್ದರೆ ಬಾವಿಯ ಪಕ್ಕ ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು ನಿಂತಿರುತ್ತಿತ್ತು. ಎಡಗಡೆ ಸೀಟಿನಲ್ಲಿ ಶಿವರುದ್ರಪ್ಪ ಮಾಸ್ಟ್ರು. ಇವಳಿಗೆ ಬೇರೆ ಹೊತ್ತೇ ಇಲ್ಲ ಅಂತ ಪಾಪ, ಆ ಮನುಷ್ಯ ನಿದ್ದೆಗೆಟ್ಟು ಬರುತ್ತಿದ್ದರು.

ಡ್ರೈವಿಂಗ್ ಸ್ಕೂಲಿನ ಕಾರು ನೋಡಿದ್ದೀರಲ್ಲ, ಎಡಗಡೆ ಕೂತವರ ಕಾಲಡಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಕಲಿಯುವವರು ತಪ್ಪಿದರೆ ಕಲಿಸುವವರು ಒತ್ತುವುದಕ್ಕೆ. ಅಲ್ಲಿ ಅವರು ಒತ್ತಿದರೆ ಇಲ್ಲಿ ಇವಳ ಪೆಡಲೂ ತಾನೇ ಕೆಳಗಿಳಿಯುತ್ತದೆ. ಮೂವತ್ತು ವರ್ಷ ಕಲಿಸಿದ ಮಾಸ್ಟ್ರ ಕಾಲು ಸುಮ್ಮನಿರುತ್ತಿರಲಿಲ್ಲ. ಇವಳು ಗೇರಿನ ಮೇಲೆ ಕೈಯಿಡುವ ಮುಂಚೆಯೇ ಎಡಗಡೆಯಿಂದ ಸದ್ದು. ಕಿರ್ರ್... ಟಕ್. ಕ್ಲಚ್ ಒತ್ತಿ ಆಗಿರುತ್ತಿತ್ತು.

"ಮಾಸ್ಟ್ರೇ, ಕಾಲು ತೆಗೀರಿ. ನಾನೇ ಒತ್ತುತೀನಿ."

"ನೀನು ಒತ್ತಿದ್ರೆ ಕ್ಲಚ್ ಪ್ಲೇಟು ಸುಟ್ಟೋಗುತ್ತೆ ಕಣಮ್ಮ. ನಿಮ್ಮಪ್ಪ ಬಂದು ಹಾಕಿಸ್ಕೊಡ್ತಾರಾ?"

"ನಮ್ಮಪ್ಪ ಸೈಕಲ್ಲಿಗೇ ಬ್ರೇಕ್ ಹಾಕಿಸ್ಲಿಲ್ಲ. ನೀವು ಹಿಂಗೇ ಒತ್ತುತಾ ಇದ್ರೆ ಟೆಸ್ಟಿಗೂ ನೀವೇ ಬಂದು ಕೂತ್ಕೋಬೇಕಾಗುತ್ತೆ."

"ಕೂತ್ಕೊಂಡ್ರಾಯ್ತು ಬುಡು."

ಟೆಸ್ಟಿನಲ್ಲಿ ಕಾರೊಳಗೆ ಇವಳೊಬ್ಬಳೇ ಇರಬೇಕು, ಇನ್ಸ್‌ಪೆಕ್ಟರ್ ಹೊರಗೆ ನಿಂತು ನೋಡುತ್ತಾರೆ. ಎಂಟರ ಆಕಾರದಲ್ಲಿ ಬಳಸುವುದು, ಹಿಂದಕ್ಕೆ ತೆಗೆಯುವುದು ಎಲ್ಲ ಸರಿ. ಕೊನೆಗೆ ಒಂದು ಏರು. ಏರಿನ ನಡುವೆ ನಿಲ್ಲಿಸಿ, ಹಾಫ್ ಕ್ಲಚ್ಚಿನಲ್ಲಿ, ಅಂದರೆ ಕ್ಲಚ್ಚನ್ನು ಅರ್ಧ ಬಿಟ್ಟು ಹಿಡಿದು, ಹಿಂದಕ್ಕೆ ಜಾರದಂತೆ ಮೇಲೆ ಹತ್ತಿಸಬೇಕು. ಎರಡು ಸಲ ಹೋದಳು, ಎರಡು ಸಲವೂ ಅಲ್ಲೇ ಗಾಡಿ ಆಫ್. ಆಗದೆ ಏನು? ಅವಳ ಎಡಗಾಲು ಕೆಲಸ ಕಲಿತೇ ಇರಲಿಲ್ಲ.

ಮೂರನೇ ಸಲ ತಪ್ಪಿದರೆ ಎಲ್ಎಲ್ಆರ್ ಅಂತ ಕೊಟ್ಟ ಕಲಿಕೆಯ ಲೈಸೆನ್ಸಿನ ಅವಧಿಯೂ ಮುಗಿಯುತ್ತದೆ, ಸಿಗಲಿರುವ ಡ್ರೈವರ್ ಕೆಲಸವೂ ಕೈತಪ್ಪುತ್ತದೆ. ಕೆಲಸ ಸರಸ್ವತಿಪುರಂನ ಚಂದ್ರಮತಿ ಮೇಡಂ ಮನೆಯದು. ಅವರ ಯಜಮಾನರು ಬಿಂದುಮಾಧವ ರಾಯರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಉಳಿದ ದಿನ ಬ್ಯಾಂಕು, ದೇವಸ್ಥಾನ. ಎಂಟಕ್ಕೆ ಹೋದರೆ ಎರಡಕ್ಕೆ ಮನೆ. ಎರಡಕ್ಕೆ ಮನೆ ಅಂದರೆ ಲಾಸ್ಯ ಶಾಲೆಯಿಂದ ಬರುವಾಗ ಬಾಗಿಲಲ್ಲಿ ಅಮ್ಮ ನಿಂತಿರುತ್ತಾಳೆ. ಜೂನ್ ಒಂದರವರೆಗೆ ಕಾಯುತ್ತೇನೆ ಅಂದಿದ್ದರು ಮೇಡಂ.

ಯುಗಾದಿ ಕಳೆದ ಮೂರನೇ ರಾತ್ರಿ. ಸರ್ವಮಂಗಳಾ ಕೀ ತಿರುಗಿಸಿದಳು. ಕರ್ರ್... ಕರ್ರ್... ಮೂರನೆಯದಕ್ಕೆ ಎಂಜಿನ್ ಹಿಡಿಯಿತು. ರಿಂಗ್ ರೋಡಿನ ಹತ್ತಿರ ಮಾಸ್ಟ್ರು, "ಎಡಕ್ಕೆ ತಗೋ" ಅಂದರು. ಆಗ ಹತ್ತೂ ಇಪ್ಪತ್ತು. ಆಮೇಲೆ ಮಾತಿಲ್ಲ.

ಮುನಿಸಿಕೊಂಡಿದ್ದಾರೆ ಅಂದುಕೊಂಡಳು. ಸಂಜೆ ಫೋನಿನಲ್ಲಿ ಇವಳೇ ಏನೋ ಖಾರವಾಗಿ ಅಂದಿದ್ದಳು. ಬೈಗುಳವಿಲ್ಲದ ಕಾರಿನಲ್ಲಿ ಕೈ ಹಗುರಾಯಿತು. ದಟ್ಟಗಳ್ಳಿಯ ಖಾಲಿ ರಸ್ತೆಗಳಲ್ಲಿ ಮೂರು ಸುತ್ತು ಹಾಕಿದಳು. ಹತ್ತೂ ಐವತ್ತಕ್ಕೆ ನೀರಿನ ಟ್ಯಾಂಕಿನ ಏರಿಗೆ ಬಂದು, ನಡುವೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದಳು. ಗೇರಿಗೆ ಕೈಹಾಕಿದಳು ಅಷ್ಟೇ...

ಕಿರ್ರ್... ಟಕ್.

ಪೆಡಲು ಅವಳ ಪಾದದ ಕೆಳಗೆ ತಾನೇ ಇಳಿಯಿತು. ಮುನಿಸು ಬಾಯಿಗೆ ಮಾತ್ರ, ಕಾಲಿಗಿಲ್ಲ ಅಂತ ನಕ್ಕಳು. ಕಾರು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಏರು ಹತ್ತಿತು.

ಬಾವಿಯ ಹತ್ತಿರ ವಾಪಸು ಬಂದು ನಿಲ್ಲಿಸಿದಳು. "ಎಂಗಾಯ್ತು ಮಾಸ್ಟ್ರೇ? ಒಂದ್ಸಲನೂ ಬೈಲಿಲ್ಲ ಇವತ್ತು."

ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದಳು.

ತಿರುಗಿ ನೋಡಿದಳು. ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಕೈ ಮುಟ್ಟಿದಳು... ಫ್ರಿಜ್ಜಿನಿಂದ ತೆಗೆದ ಹಿಟ್ಟಿನ ಹಾಗಿತ್ತು.

ಆಸ್ಪತ್ರೆಯಲ್ಲಿ ಹನ್ನೊಂದೂವರೆಗೆ ಡಾಕ್ಟರು ನೋಡಿ, "ಜೀವ ಹೋಗಿ ಒಂದು ಗಂಟೆ ಮೇಲಾಗಿದೆ, ಹೃದಯ ನಿಂತಿದೆ" ಅಂದರು. ಸರ್ವಮಂಗಳಾ ಬೆಂಚಿನ ಮೇಲೆ ಕೂತು ಬೆರಳು ಮಡಚಿ ಲೆಕ್ಕ ಹಾಕಿದಳು. ಹನ್ನೊಂದೂವರೆ... ಹತ್ತೂವರೆ... ಏರು ಹತ್ತಿದ್ದು ಹತ್ತೂ ಐವತ್ತಕ್ಕೆ. ಮತ್ತೆ ಮೊದಲಿನಿಂದ ಲೆಕ್ಕ ಹಾಕಿದಳು. ಅದೇ ಬಂತು.

ಗಂಡ ಮಹಾಂತೇಶನ ಹತ್ತಿರ ಮಾತ್ರ ಹೇಳಿದಳು.

"ನಿದ್ದೆಗಣ್ಣಲ್ಲಿ ಏನೇನೋ ಅನ್ಸುತ್ತೆ," ಅಂದ ಅವನು, ಮಗುವಿನ ಮೇಲೆ ಹೊದಿಕೆ ಎಳೆಯುತ್ತ. "ಮಲ್ಕೋ. ನಾಲ್ಕೂವರೆಗೆ ಏಳ್ಬೇಕಲ್ಲ."

ಅದೂ ನಿಜವೇ. ಮಲಗಿದಳು.

ಮಾಸ್ಟ್ರನ್ನು ಅವರ ಹೊಲದ ಕೆಂಪು ಮಣ್ಣಿನಲ್ಲಿ ಹೂಳಿದರು. ಹನ್ನೆರಡು ದಿನ ಸ್ಕೂಲು ಮುಚ್ಚಿತ್ತು. ಆಮೇಲೆ ಮಾಸ್ಟ್ರ ಅಕ್ಕನ ಮಗ ಅಮರೇಶ್ ಕಲಿಸಲು ಬಂದ. ಕಲಿಸುವುದು ಅಂದರೆ ಎಡಗಡೆ ಸೀಟಿನ ಮೇಲೆ ಎರಡೂ ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ, ಮೊಬೈಲಿನಲ್ಲಿ ಮುಖ ಹುದುಗಿಸುವುದು.

"ಏನಪ್ಪಾ, ಊಟಕ್ಕೆ ಕೂತಿದೀಯಾ? ಎಲೆ ಹಾಕ್ಲಾ?" ಅಂದಳು ಸರ್ವಮಂಗಳಾ.

"ನೀವು ಓಡ್ಸಿ ಅಕ್ಕ. ನಾನು ಕಿವಿಯಲ್ಲೇ ನೋಡ್ತಿರ್ತೀನಿ."

ಟ್ಯಾಂಕಿನ ಏರು ಬಂತು. ನಿಲ್ಲಿಸಿದಳು. ಹ್ಯಾಂಡ್ ಬ್ರೇಕ್ ಎಳೆದಳು. ಕಾಲು ಕ್ಲಚ್ಚಿನ ಮೇಲೆ ಇಟ್ಟಿದ್ದಳು, ಇನ್ನೂ ಒತ್ತಿರಲಿಲ್ಲ.

ಕಿರ್ರ್...

ಕತ್ತು ತಿರುಗಿಸಲು ಧೈರ್ಯವಾಗಲಿಲ್ಲ. ಕಣ್ಣು ಮಾತ್ರ ಹೊರಳಿಸಿದಳು. ಅಮರೇಶನ ಎರಡೂ ಪಾದ ಸೀಟಿನ ಮೇಲೆ, ತೊಡೆಯ ಕೆಳಗೆ. ಬೀದಿದೀಪದ ಬೆಳಕು ಅವನ ಮುಂದೆ ಕೆಳಕ್ಕೆ ಬಿದ್ದಿತ್ತು. ಆ ಬೆಳಕಿನಲ್ಲಿ ಎಡಗಡೆಯ ಕ್ಲಚ್ಚು ನಿಧಾನವಾಗಿ... ಒಂದೇ ಸಮನೆ... ಕೆಳಗೆ ಹೋಗುತ್ತಿತ್ತು.

ಟಕ್.

"ಹೋಗಿ ಅಕ್ಕ, ಯಾಕೆ ನಿಂತ್ರಿ?"

ಹೋದಳು. ಕಾರು ಅಲುಗದೆ ಏರು ಹತ್ತಿತು. "ಸೂಪರ್! ಪಾಸ್ ಗ್ಯಾರಂಟಿ," ಅಂದ ಅಮರೇಶ್, ತಲೆ ಎತ್ತದೆ.

ನೀವಾದರೆ ಬಾಗಿಲು ತೆಗೆದು ಓಡುತ್ತಿದ್ದಿರಿ. ಅವಳು ಓಡಲಿಲ್ಲ. ಆ ರಾತ್ರಿ ಮನೆಗೆ ನಡೆಯುತ್ತ ಅವಳ ತಲೆಯಲ್ಲಿ ಇದ್ದದ್ದು ಒಂದೇ ಮಾತು... ಟೆಸ್ಟಿಗೂ ಇದೇ ಕಾರು. ಸತ್ತವರೋ ಬದುಕಿದವರೋ, ಯಾರಾದರೂ ಒತ್ತಲಿ. ಹದಿನೆಂಟು ಗಂಟೆ ನಿಂತ ಕಾಲಿಗೆ ಅಷ್ಟಾದರೂ ಪುಕ್ಕಟೆ ಸಿಗಲಿ. ಮರುರಾತ್ರಿಯೂ ಹಾಗೇ. ಅದರ ಮರುರಾತ್ರಿಯೂ. ಕಿರ್ರ್ ಅಂದರೆ ಈಗ ಬೆನ್ನು ಜುಮ್ಮೆನ್ನುತ್ತಿರಲಿಲ್ಲ, ಭುಜ ಸಡಿಲವಾಗುತ್ತಿತ್ತು.

ಟೆಸ್ಟಿಗೆ ನಾಲ್ಕು ದಿನ ಉಳಿದಿತ್ತು, ಭಾನುವಾರ. ಚಂದ್ರಮತಿ ಮೇಡಂ ಕಾರು ನೋಡಿಕೊಂಡು ಹೋಗಲು ಕರೆದರು. ಹೊಸ ಕಾರು, ಗೇರಿನದೇ. ಸ್ಟೀರಿಂಗಿನ ಮೇಲೊಂದು ಗುಂಡಿ ತೋರಿಸಿದರು.

"ಇದು ಕ್ರೂಸ್ ಕಂಟ್ರೋಲ್ ಅಂತ. ಬೆಂಗಳೂರು ರಸ್ತೆಯಲ್ಲಿ ಎಂಬತ್ತಕ್ಕೆ ಹಾಕಿದ್ರೆ ಆಕ್ಸಿಲರೇಟರ್ ಮೇಲೆ ಕಾಲೇ ಬೇಡ, ತಾನೇ ಹೋಗುತ್ತೆ. ಕ್ಲಚ್ಚೋ ಬ್ರೇಕೋ ಮುಟ್ಟಿದ್ರೆ ತಕ್ಷಣ ಬಿಟ್ಕೊಡುತ್ತೆ. ಊರೊಳಗೆ ಮುಟ್ಟಬೇಡಿ ಮತ್ತೆ."

"ಇಲ್ಲ ಮೇಡಂ," ಅಂದಳು. ಮುಟ್ಟಿದರೆ ಬಿಟ್ಟುಕೊಡುವ ಜಾತಿಯೂ ಇದೆಯಲ್ಲ ಅಂದುಕೊಂಡಳು.

ರಾಯರು ಹಿಂದಿನ ಸೀಟಿನಲ್ಲಿ ಕೂತರು. ತೆಳ್ಳಗೆ, ಬಿಳಿಚಿಕೊಂಡ ಮನುಷ್ಯ. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಯನ್ನು ಕೂಸಿನ ಹಾಗೆ ಎದೆಗೆ ಒತ್ತಿ ಹಿಡಿದಿದ್ದರು. "ಗೇಟಿನವರೆಗೆ ಒಂದು ರೌಂಡು ಹೋಗೋಣಮ್ಮ. ಧೂಳು ಹಿಡೀತಾ ಇದೆ ನನಗೂ," ಅಂದರು. ಶೆಡ್ಡಿನಿಂದ ಗೇಟಿಗೆ ಚಿಕ್ಕದೊಂದು ಏರು, ಎಂಟು ಹೆಜ್ಜೆ ಇದ್ದೀತು. ನಡುವೆ ನಾಯಿಯೊಂದು ಅಡ್ಡ ಬಂತು, ನಿಲ್ಲಿಸಿದಳು. ಮತ್ತೆ ಹೊರಡಬೇಕು.

ಕಾದಳು.

ಏನನ್ನು ಕಾಯುತ್ತಿದ್ದೇನೆ ಅಂತ ಅವಳಿಗೆ ಗೊತ್ತಾಗುವಷ್ಟರಲ್ಲಿ ಹ್ಯಾಂಡ್ ಬ್ರೇಕ್ ಬಿಟ್ಟಾಗಿತ್ತು. ಎಡಗಾಲು ಗಡಬಡಿಸಿತು. ಎಂಜಿನ್ ಧಕ್ ಅಂತ ಒದ್ದುಕೊಂಡು ಸತ್ತಿತು. ಕಾರು ಹಿಂದಕ್ಕೆ ಜಾರಿ ಶೆಡ್ಡಿನ ಕಂಬಕ್ಕೆ ತಾಗಿತು. ದೊಡ್ಡ ಪೆಟ್ಟೇನಲ್ಲ... ರಾಯರು ಮುಂದಿನ ಸೀಟಿಗೆ ಮುಗ್ಗರಿಸಿದರು. "ಅಮ್ಮಾ" ಅಂತ ಸಣ್ಣ ದನಿ. ಆ ಕೈ ಹಿಡಿದುಕೊಂಡು ಅವರು ಕಣ್ಣು ಮುಚ್ಚಿ ಕೂತಿದ್ದು ಕನ್ನಡಿಯಲ್ಲಿ ಕಂಡಿತು.

"ಏನಿಲ್ಲ, ಏನಿಲ್ಲ. ಹೊಸ ಗಾಡಿ," ಅಂದರು ರಾಯರೇ. ಮೇಡಂ ಕಂಬದ ಹತ್ತಿರ ಬಗ್ಗಿ ಬಂಪರ್ ನೋಡಿದರು. ಕೀ ವಾಪಸು ತೆಗೆದುಕೊಂಡು, "ಲೈಸೆನ್ಸ್ ಬರಲಿ ಸರ್ವಮಂಗಳಾ, ನೋಡೋಣ" ಅಂದರು.

ಆಸ್ಪತ್ರೆಯ ನೆಲಮಾಳಿಗೆಯ ಪಾರ್ಕಿಂಗಿನಿಂದ ಮೇಲೆ ಬರಲು ಇದರ ಮೂರರಷ್ಟು ಏರು ಇದೆ. ಅಲ್ಲಿ ಮುಂದೊಂದು ಗಾಡಿ, ಹಿಂದೊಂದು ಗಾಡಿ. ಸತ್ತವರ ಕಾಲಿನಿಂದ ಸಿಕ್ಕ ಲೈಸೆನ್ಸು ಹಿಡಿದು ಆ ಏರಿನಲ್ಲಿ ಈ ಮನುಷ್ಯನನ್ನು ಕೂರಿಸಿಕೊಂಡು ನಿಲ್ಲಬೇಕು.

ಬುಧವಾರ, ಟೆಸ್ಟಿನ ಹಿಂದಿನ ರಾತ್ರಿ. ಟ್ಯಾಂಕಿನ ಏರಿನ ಬುಡದಲ್ಲಿ ಅಮರೇಶನನ್ನು ಇಳಿಸಿದಳು.

"ಹೋಗಿ ಟೀ ಕುಡ್ಕೊಂಡು ಬಾ."

"ಈ ಹೊತ್ತಲ್ಲಿ ಟೀ ಎಲ್ಲಿ ಸಿಗುತ್ತೆ ಅಕ್ಕ?"

"ಹುಡುಕು. ಮೊಬೈಲ್ ಇದೆಯಲ್ಲ."

ಏರಿನ ನಡುವೆ ನಿಲ್ಲಿಸಿದಳು. ಎಂಜಿನ್ ಗುರುಗುಟ್ಟುತ್ತಿತ್ತು. ಇಂಡಿಕೇಟರ್ ಟಿಕ್... ಟಿಕ್... ಟಿಕ್. ಎಡಗಡೆ ಸೀಟು ಖಾಲಿ. ಕಿರ್ರ್... ಟಕ್. ಕಾಯಿಸಲೇ ಇಲ್ಲ.

ಅವಳು ಎದುರಿನ ಗಾಜನ್ನೇ ನೋಡುತ್ತ ಪಿಸುಗುಟ್ಟಿದಳು.

"ಮಾಸ್ಟ್ರೇ... ಕಾಲು ತೆಗೀರಿ."

ಪೆಡಲು ಅಲ್ಲೇ ಇತ್ತು.

"ಆ ಮೇಡಂ ಕಾರಲ್ಲಿ ನೀವಿರಲ್ಲ. ನಾನೊಬ್ಬಳೇ... ಹಿಂದೆ ಕಾಯಿಲೆ ಮನುಷ್ಯ."

ಟಿಕ್... ಟಿಕ್...

"ಆವತ್ತು ನಾನು ನೋಡ್ಲಿಲ್ಲ. ನೀವು ಸುಮ್ಮನಿದ್ರಿ, ನಾನು ಖುಷಿಯಾಗಿ ಓಡಿಸ್ತಾನೇ ಇದ್ದೆ. ತಪ್ಪಾಯ್ತು." ಮರುಗಳಿಗೆ ರೇಗಿತು. "ಮೂವತ್ತು ವರ್ಷ ಒತ್ತಿದ್ದು ಸಾಲ್ದಾ ನಿಮಗೆ? ನನಗಂತೂ ಸುಸ್ತಾಗಿದೆ ಮಾಸ್ಟ್ರೇ. ನಿಮಗೆ ಸುಸ್ತಾಗಿಲ್ವಾ?"

ಸೀಟಿನ ಸ್ಪ್ರಿಂಗು ಒಂದು ಸಲ ಕೀಚ್ ಅಂದಿತು. ಯಾರೋ ಕೂತಲ್ಲೇ ಮಗ್ಗುಲು ಬದಲಾಯಿಸಿದ ಹಾಗೆ. ಅಷ್ಟೇ. ಪೆಡಲು ಮೇಲೆ ಬರಲಿಲ್ಲ. ಹತ್ತು ನಿಮಿಷ ಕಾದಳು, ಅಮರೇಶ್ ಟೀ ಸಿಗದೆ ವಾಪಸು ಬಂದ.

ಗುರುವಾರ ಬೆಳಿಗ್ಗೆ ಟೆಸ್ಟು. ಇನ್ಸ್‌ಪೆಕ್ಟರ್ ಏರಿನ ಪಕ್ಕ ಕಾಗದ ಹಿಡಿದು ನಿಂತಿದ್ದರು. ಒಳಗೆ ಇವಳೊಬ್ಬಳೇ. ಎಂಟು ಬಳಸಿದಳು, ಹಿಂದಕ್ಕೆ ತೆಗೆದಳು. ಏರಿನ ನಡುವೆ ನಿಲ್ಲಿಸಿದಳು. ಹ್ಯಾಂಡ್ ಬ್ರೇಕ್.

ಕಿವಿ ಎಡಕ್ಕೇ ಇತ್ತು.

ಸದ್ದಿಲ್ಲ.

ಕಾಲು ಒತ್ತಿದಳು. ಅಯ್ಯೋ ದೇವರೇ, ಅದೆಷ್ಟು ಬಿಗಿ ಆ ಕ್ಲಚ್ಚು! ಮಾಸ್ಟ್ರು ಹೋದ ಮೇಲೆ ಏರಿನಲ್ಲಿ ಅದರ ಪೂರಾ ಭಾರ ಅವಳ ಕಾಲಿಗೆ ಬಂದೇ ಇರಲಿಲ್ಲ. ಮೊದಲ ಗೇರು. ಕೂದಲೆಳೆಯಷ್ಟು ಬಿಟ್ಟಳು... ಇನ್ನೊಂದು ಎಳೆ... ಎಂಜಿನ್ನಿನ ದನಿ ತಗ್ಗಿತು, ಬಾನೆಟ್ಟು ಸಣ್ಣಗೆ ಎದ್ದಿತು. ಹ್ಯಾಂಡ್ ಬ್ರೇಕ್ ಇಳಿಸಿದಳು. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಪಾದ ಅಲುಗಿಸಲಿಲ್ಲ. ಆಕ್ಸಿಲರೇಟರ್ ತುಸು ಒತ್ತಿದಳು... ಕಾರು ತಡೆದು ನಿಂತು, ಒಮ್ಮೆ ಜಗ್ಗಿ, ಗೊಣಗುತ್ತ, ಮುಕ್ಕರಿಯುತ್ತ ಮೇಲೆ ಹತ್ತಿತು. ಚೆಂದವಾಗಿ ಹತ್ತಲಿಲ್ಲ. ಹತ್ತಿತು.

"ಒರಟು. ಪರವಾಗಿಲ್ಲ," ಅಂದು ಇನ್ಸ್‌ಪೆಕ್ಟರ್ ಗುರುತು ಹಾಕಿದರು.

ಅವಳು ಸ್ಟೀರಿಂಗಿಗೆ ಹಣೆಯಿಟ್ಟು ಸುಮ್ಮನೆ ಕೂತಳು. ಅಳು ಬರಲಿಲ್ಲ, ನಿದ್ದೆ ಬಂತು. ಎಡಗಡೆ ಬಾಗಿಲು ತೆಗೆದ ಸದ್ದಿಗೆ ಎಚ್ಚರ.

"ಯಾರಕ್ಕ ಇಲ್ಲಿ ಕೂತಿದ್ದು?" ಅಮರೇಶ್ ಬಗ್ಗಿ ನೋಡುತ್ತಿದ್ದ. "ಟೆಸ್ಟಿಗೆ ಅಂತ ಬೆಳಿಗ್ಗೆ ತಾನೇ ಮ್ಯಾಟ್ ತೊಳೆದು ಹಾಕಿದೀನಿ."

ಈಗ ಸರ್ವಮಂಗಳಾ ರಾಯರನ್ನು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ, ಎರಡು ಗಂಟೆಗೆ ಮನೆ ಬಾಗಿಲಲ್ಲಿ ಇರುತ್ತಾಳೆ. ಬೇಕಾದರೆ ಹೋಗಿ ಕೇಳಿ. ಕತೆ ಕಟ್ಟುವಷ್ಟು ಪುರಸೊತ್ತು ಅವಳಿಗೂ ಇಲ್ಲ, ಆ ಅಮರೇಶನಿಗೆ ಅಷ್ಟು ಬುದ್ಧಿಯೂ ಇಲ್ಲ. ಇಬ್ಬರೂ ಹೇಳುವುದು ಒಂದೇ. ಕಪ್ಪು ರಬ್ಬರ್ ಮ್ಯಾಟಿನ ಮೇಲೆ ಎರಡು ಬರಿಗಾಲಿನ ಗುರುತು ಇತ್ತು, ಕೆಂಪು ಧೂಳಿನದು, ಐದೈದು ಬೆರಳೂ ಎಣಿಸುವ ಹಾಗೆ. ಪೆಡಲುಗಳ ಹತ್ತಿರ ಅಲ್ಲ. ಹಿಂದೆ, ಸೀಟಿನ ಬುಡಕ್ಕೆ ಒತ್ತಿ, ಎರಡೂ ಪಾದ ಜೋಡಿಸಿ ಎಳೆದುಕೊಂಡು ಕೂತ ಹಾಗೆ.