ಹೊಂದದ ಎರಡು ಕ್ಲಾರ್ನೆಟ್

ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ರಟ್ಟೀಹಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಬ್ಯಾಂಡಿನ ಕೆಂಪು ಕೋಟು ತೊಟ್ಟ ಇಬ್ಬರು ಕೂತಿದ್ದರು. ಒಬ್ಬನಿಗೆ ಮೀಸೆ ನರೆತಿತ್ತು, ಇನ್ನೊಬ್ಬ ಹರೆಯದವನು. ಇಬ್ಬರ ತೊಡೆಯ ಮೇಲೂ ಬಟ್ಟೆ ಸುತ್ತಿದ ಕ್ಲಾರ್ನೆಟ್.

“ಇವತ್ತೂ ಸುರ ಹೊಂದಲಿಲ್ಲಂದ್ರ ಇಬ್ಬರೊಳಗ ಒಬ್ಬಾಂವನ್ನ ಬ್ಯಾಂಡಿನಿಂದ ತಗೀತೇನಿ ಅಂದಾರಪಾ ಮಾಲಕರು,” ಎಂದ ಹಿರಿಯ.

“ನಿನ್ನೆ ಮುಂಜಾನೆ ನಂದು ನಿಮ್ಮದಕ್ಕಿಂತ ಏರಿತ್ತು ಕಾಕಾ. ಊಟ ಆದಮ್ಯಾಲೆ ನೋಡಿದ್ರ ಇಳದಿತ್ತು. ಹೊಸಾದು ಬ್ಯಾರೆ. ಏನಾಗೇತಿ ಇದಕ್ಕ?”

“ಬಿಸಿಲಿಗೆ ಏರತೈತಿ ಮಹಾಂತೇಶ. ಇಳಿಯೂದು ಹೆಂಗ?”

“ಚೂರು ನಾನ ಇಳಿಸಿದ್ದೆ. ಮ್ಯಾಲಿನ ತುಂಡು ಹೊರಗ ಎಳದಿದ್ದೆ, ನಿಮ್ಮ ಸುರಕ್ಕ ಹೊಂದ್ಲಿ ಅಂತ. ಅಷ್ಟಕ್ಕ ಇಷ್ಟು ಫರಕ್ ಬರಬಾರದು.”

ಹಿರಿಯ ತನ್ನ ಕ್ಲಾರ್ನೆಟ್ಟಿನ ಬಟ್ಟೆ ಸರಿಮಾಡಿಕೊಂಡ.

“ನಾ ನಂದು ಒಳಗ ಒತ್ತಿದ್ದೆ. ನಿನ್ನ ಸುರಕ್ಕ ಏರಲಿ ಅಂತ.”

“ಯಾವಾಗ್ರೀ?”

“ನೀ ಕೈ ತೊಳಿಯಾಕ ಹೋದಾಗ.”

“ಹಂಗಾರ ಇವತ್ತ ನೀವು ಮುಟ್ಟಬ್ಯಾಡ್ರಿ.”

“ನೀನೂ ಮುಟ್ಟಬ್ಯಾಡ.”

“ಇಬ್ಬರೂ ಮುಟ್ಟಲಿಲ್ಲಂದ್ರ ಹೊಂದೂದು ಹೆಂಗ ಕಾಕಾ?”

“ಅದೂ ಖರೇನ ಐತಿ.”

ಮಾಸೂರಿನ ಬಸ್ಸು ಬಂತು. ಜನರ ಜೊತೆ ಅವರಿಬ್ಬರೂ ನುಗ್ಗಿದರು; ನಾನು ಕೆಳಗೇ ಉಳಿದೆ. ಹಿರಿಯನಿಗೆ ಮುಂದಿನ ಕಿಟಕಿ ಸಿಕ್ಕಿತು, ಮಹಾಂತೇಶನಿಗೆ ಅದರ ಹಿಂದಿನದು. ಕೂತದ್ದೇ ತಡ, ಇಬ್ಬರ ಕ್ಲಾರ್ನೆಟ್ಟಿನ ಬಟ್ಟೆಯೂ ಬಿಚ್ಚಿತ್ತು.

“ಕಾಕಾ, ಏನ ಮಾಡಾಕತ್ತೀರಿ?”

“ಧೂಳ ಒರಸಾಕತ್ತೇನಿ. ನೀ?”

“ನಾನೂ ಧೂಳ ಒರಸಾಕತ್ತೇನ್ರಿ.”

ಬಸ್ಸು ಹೊರಟಿತು.