ಹೆದ್ದಾರಿ ಪಕ್ಕದ ಮನೆಗೆ ಬಂದ ಉತ್ತರ

ಪುರಸಭೆಯ ಸಾಲಿನಲ್ಲಿ ನನ್ನ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಸೊಸೆಯ ಹೆಗಲ ಮೇಲಿನ ಮಗು ನಿದ್ದೆಯಲ್ಲೂ ಆಗಾಗ ಬೆಚ್ಚುತ್ತಿತ್ತು. ಅವಳ ಕೈಯಲ್ಲಿ, ಅವರು ಕೊಟ್ಟ ದೂರಿಗೆ ಪುರಸಭೆಯಿಂದ ಬಂದ ಉತ್ತರದ ಕಾಗದವಿತ್ತು.

“ಹೆದ್ದಾರಿ ಸದ್ದು ಮಿತಿಯಲ್ಲೇ ಇದೆ ಅಂತ ಬರ್ದಿದ್ದಾರೆ, ಅತ್ತೆ.”

“ಲಾರಿ ಹೋದಾಗಲೆಲ್ಲ ಕೂಸು ಕಿರುಚಿ ಏಳುತ್ತಲ್ಲೇ! ಅಳೆಯೋಕೆ ಬಂದ ದಿನ ಲಾರಿ ಓಡ್ಲಿಲ್ವಾ?”

“ಓಡಿದ್ವು. ಆದ್ರೆ ಕಿಟಕಿ ಮುಚ್ಚಿತ್ತಂತೆ. ಯಾರು ಮುಚ್ಚಿದ್ದು?”

“ನಾನೇ. ಮನೆಗೆ ಬಂದವರ ಮಾತು ಕೇಳಿಸ್ಬೇಡ್ವೇನೇ?”

“ಅಯ್ಯೋ, ಅವರು ಬಂದಿದ್ದೇ ಸದ್ದು ಕೇಳೋಕೆ!”

“ಅವರಾದ್ರೂ ಹೇಳ್ಬೇಕಿತ್ತು. ‘ಉಪಕಾರ ಆಯ್ತಮ್ಮಾ’ ಅಂದ್ರು ಅಷ್ಟೇ. ಇನ್ನೊಂದ್ಸಲ ಬನ್ನಿ, ಕಿಟಕಿ ತೆಗೆದಿಟ್ಟಿರ್ತೀವಿ ಅಂತ ಹೇಳೋಣ.”

“ಹೇಗೆ ಹೇಳೋದು? ಮಗು ಮಲಗುವಾಗ ಕಿಟಕಿ ಮುಚ್ಚಿ ಅಂತ ಅವರೇ ಕಾಗದದ ಕೊನೇಲಿ ಸಲಹೆ ಕೊಟ್ಟಿದ್ದಾರೆ.”

“ಹಾಗಾದ್ರೆ ನಾನು ಮಾಡಿದ್ದು ಸರೀನೋ, ತಪ್ಪೋ?”

ಸೊಸೆ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಅಷ್ಟರಲ್ಲಿ ಗುಮಾಸ್ತರು ಕರೆದರು. ಇಬ್ಬರೂ ಮುಂದೆ ಹೋದರು.